ಬೆಲ್ಲ ತಿಂದ ಕಲ್ಲು

ಕನ್ನಡ ಕೂಟದ ನೆನಪಿನ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕಾರ್ಯದರ್ಶಿ ಫೋನು ಮಾಡಿದಾಗ ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. "ನೀವೇ ಬರೀಬೇಕು ಆಂಟಿ, ನಿಮ್ಮಷ್ಟು ಹತ್ತಿರದವರು ಇನ್ಯಾರಿದಾರೆ ಹೇಳಿ" ಎಂದಳು ಆ ಹುಡುಗಿ. ಹತ್ತಿರದವಳು ಎಂಬುದು ನಿಜ. ಬರೆದುಕೊಟ್ಟೆ. ಒಂದು ಪುಟ, ಪಕ್ಕದಲ್ಲಿ ಅವರ ಫೋಟೋ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಆ ಪುಟದಲ್ಲಿ ಹಿಡಿಸದೆ ಉಳಿದದ್ದು ಬಹಳ ಇತ್ತು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದವರು ಸತ್ತವರ ಮೇಲೆ ಇಷ್ಟು ಸಿಟ್ಟೇ ಎಂದು ಕೇಳಬಹುದು. ಹೌದು, ಇಷ್ಟು ಸಿಟ್ಟಿದೆ.

ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ನಾವು ಮೈಸೂರಿನಿಂದ ಫ್ರೀಮಾಂಟಿಗೆ ಬಂದಾಗ ಇಲ್ಲಿ ನಮ್ಮವರ ಗ್ರೋಸರಿ ಅಂಗಡಿ ಒಂದೋ ಎರಡೋ. ಕರಿಬೇವು ಬಂದಿದೆ ಎಂದರೆ ಒಬ್ಬರಿಗೊಬ್ಬರು ಫೋನು ಮಾಡಿ ತಿಳಿಸುವ ಕಾಲ. ಅಂಥ ಒಂದು ಅಂಗಡಿಯಲ್ಲೇ ಅವರನ್ನು ಮೊದಲು ಕಂಡದ್ದು. ನೈಲೆಕ್ಸ್ ಸೀರೆ, ಅದರ ಮೇಲೆ ಗಂಡಸರ ಕಾರ್ಡಿಗನ್ನು, ಕಾಲಿಗೆ ಬಿಳಿ ಟೆನಿಸ್ ಶೂಸು. ಗಿಡ್ಡ ಹೆಂಗಸು. ನನ್ನ ಕಡೆ ತಿರುಗಿ, ಹೆಸರು, ಊರು ಏನೂ ಕೇಳದೆ, ಕಿವಿಯನ್ನೇ ನೋಡುತ್ತಾ, "ಏಳು ಕಲ್ಲಿನ ಓಲೆ. ಹಳೇದು. ಅಮ್ಮಂದಾ?" ಎಂದರು. ಎಷ್ಟೋ ವಾರಗಳ ಮೇಲೆ ಹೊರಗೆ ಕನ್ನಡ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅವರು ಮುಖಕ್ಕಿಂತ ಮೊದಲು ಕಿವಿ ನೋಡಿದರು ಎಂಬುದು ಆಗ ಹೊಳೆಯಲಿಲ್ಲ.

ಓಲೆ ಅಮ್ಮನದೇ, ಅದಕ್ಕೂ ಮುಂಚೆ ಅಜ್ಜಿಯದು. ನಡುವೆ ಒಂದು ದೊಡ್ಡ ವಜ್ರ, ಸುತ್ತ ಆರು ಸಣ್ಣವು. ಮದುವೆಯಲ್ಲಿ ಅಮ್ಮ ತನ್ನ ಕಿವಿಯಿಂದ ಬಿಚ್ಚಿ ನನಗೆ ಹಾಕಿದ್ದಳು. ಎಡಗಡೆಯ ಓಲೆಯಲ್ಲಿ ಸುತ್ತಿನ ಒಂದು ಕಲ್ಲು ಸ್ವಲ್ಪ ಹಳದಿ. ಅಜ್ಜಿಯ ಕಾಲದಲ್ಲಿ ಒಂದು ಕಲ್ಲು ಎಲ್ಲೋ ಬಿದ್ದುಹೋಗಿ, ಅಕ್ಕಸಾಲಿಗರು ಕೈಗೆ ಸಿಕ್ಕಿದ್ದನ್ನು ಕೂರಿಸಿದ್ದರಂತೆ. ಚಿಕ್ಕವಳಿದ್ದಾಗ ಅಮ್ಮನ ತೊಡೆಯ ಮೇಲೆ ಮಲಗಿ ಮೇಲೆ ನೋಡಿದರೆ ಅದೇ ಕಾಣುತ್ತಿತ್ತು. "ಇದೊಂದು ಯಾಕಮ್ಮ ಹೀಗಿದೆ?" ಎಂದು ಕೇಳಿದಾಗಲೆಲ್ಲ, "ಅದು ಬೆಲ್ಲ ತಿಂದ ಕಲ್ಲು ಕಣೆ. ನಿನ್ನ ಥರಾನೇ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿತ್ತು" ಎನ್ನುತ್ತಿದ್ದಳು. ಆ ಕಲ್ಲುಗಳ ಜೊತೆಯದೇ ಇನ್ನೊಂದು ಅಮ್ಮನ ಮೂಗುಬೊಟ್ಟಿನಲ್ಲಿತ್ತು. ಅದನ್ನು ಮಾತ್ರ ಕೊಡಲಿಲ್ಲ. ಮೂಗು ಬೋಳಾದರೆ ಮುಖವೇ ಹೋಗುತ್ತದೆ ಎಂದು ನಕ್ಕಿದ್ದಳು.

ಅಕ್ಕ ಹಗಲು ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ಸಣ್ಣ ಚಿನ್ನದ ತಂತಿಯನ್ನು ಕಂಪ್ಯೂಟರ್ ಚಿಪ್‌ಗೆ ಅಂಟಿಸುವ ಕೆಲಸ. ಆ ಕಾಲದಲ್ಲಿ ನಮ್ಮ ಹೆಂಗಸರಲ್ಲಿ ಎಷ್ಟೋ ಜನ ಅದನ್ನೇ ಮಾಡುತ್ತಿದ್ದರು. ಆದರೆ ಅಕ್ಕನಿಗೆ ಕೈಯಲ್ಲಿ ಇನ್ನೊಂದು ವಿದ್ಯೆ ಇತ್ತು. ಅವರ ಅಪ್ಪ ಬೆಂಗಳೂರಿನ ಚಿಕ್ಕಪೇಟೆಯ ಕಡೆ ಬೇರೆಯವರ ಅಂಗಡಿಯಲ್ಲಿ ವಜ್ರ ಕೂರಿಸುವವರು. ಅಪ್ಪನ ಪಕ್ಕ ಕೂತು ಕಲಿತದ್ದನ್ನು ಇಲ್ಲಿ ತಮ್ಮ ಅಡಿಗೆಮನೆಯ ಟೇಬಲ್ಲಿನ ಮೇಲೆ ಮುಂದುವರಿಸಿದ್ದರು. ಇಲ್ಲಿನ ಅಂಗಡಿಗಳಿಗೆ ಏಳು ಕಲ್ಲಿನ ಓಲೆ ಕೊಟ್ಟರೆ ಅವರು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಡುತ್ತಿದ್ದರು. ಹಾಗಾಗಿ ಪ್ಲೆಸೆಂಟನ್ನಿನಿಂದ, ಸ್ಯಾನ್ ಹೋಸೆಯಿಂದ ಎಲ್ಲರೂ ಅಕ್ಕನ ಮನೆಗೇ ಬರುತ್ತಿದ್ದರು.

ಅವರ ಆಸೆಯೆಲ್ಲ ಸಣ್ಣ ಕಲ್ಲುಗಳ ಮೇಲೆ. ಉಂಗುರದಲ್ಲಿ, ಪದಕದಲ್ಲಿ, ನಡುವಿನ ದೊಡ್ಡ ಕಲ್ಲಿನ ಸುತ್ತ ಕೂರಿಸುವ ಎಳ್ಳಿನ ಗಾತ್ರದ, ಸಾಸಿವೆಯ ಗಾತ್ರದ ವಜ್ರಗಳು. ಅವುಗಳಿಗೆ ಪರಿವಾರ ಎಂದು ಹೆಸರಿಟ್ಟಿದ್ದರು. "ಗರ್ಭಗುಡೀಲಿ ದೇವರು ಒಬ್ಬರೇ ಇದ್ರೆ ಏನು ಚೆಂದ? ಸುತ್ತ ಪರಿವಾರ ಬೇಕು" ಎನ್ನುವರು. ಬಿಳಿ ಕಾಗದ ಹಾಸಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಪುಟ್ಟ ಜರಡಿಗಳಲ್ಲಿ ಅವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವರು. ಬೆರಳಿಗೆ ಸಿಗದ ಕಲ್ಲನ್ನು ಜೇನುಮೇಣ ಮೆತ್ತಿದ ಕಡ್ಡಿಯ ತುದಿಯಿಂದ ಎತ್ತಿ ಕೂರಿಸುವರು. ಬಣ್ಣದಲ್ಲಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಒಪ್ಪುತ್ತಿರಲಿಲ್ಲ. "ಹನ್ನೊಂದು ಬಿಳೀದು, ಒಂದು ಮಬ್ಬು ಹಾಕಿದ್ರೆ ಆ ಒಂದೇ ಕಣ್ಣಿಗೆ ಬೀಳೋದು" ಎಂದು ಅದನ್ನು ಪಕ್ಕಕ್ಕೆ ತಳ್ಳುವರು. ಇನ್ನೊಂದು ಮಾತು ಹೇಳುತ್ತಿದ್ದರು: "ಜನ ಎಲ್ಲ ನಡುವಿನ ಕಲ್ಲು ನೋಡ್ತಾರೆ. ಸುತ್ತಿನದ್ದನ್ನ ನೋಡೋಳು ನಾನೊಬ್ಬಳೇ." ಅವರು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನಾವೂ ಹೆಮ್ಮೆಯಿಂದಲೇ ಕೇಳುತ್ತಿದ್ದೆವು.

ಒಮ್ಮೆ ಒಂದು ಕಲ್ಲು ಚಿಮ್ಮಿ ಕಾರ್ಪೆಟ್ಟಿನ ಮೇಲೆ ಬಿತ್ತು. ನಾವು ಮೂರು ಹೆಂಗಸರು ಕಾಫಿ ಕುಡಿಯುತ್ತಿದ್ದೆವು. "ಯಾರೂ ಅಲ್ಲಾಡಬೇಡಿ" ಎಂದರು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಹಳೆಯ ನೈಲಾನ್ ಸ್ಟಾಕಿಂಗ್ ಬಿಗಿದು, ಮಂಡಿಯೂರಿ ಮೂಲೆಮೂಲೆ ಎಳೆದರು. ನಾವು ಕಾಲು ಎತ್ತಿಕೊಂಡು, ಕಾಫಿಯ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಸೋಫಾದ ಮೇಲೆ ಗೊಂಬೆಗಳ ಹಾಗೆ ಕೂತಿದ್ದೆವು. ಆಮೇಲೆ ಸ್ಟಾಕಿಂಗ್ ಬಿಡಿಸಿದರೆ ಧೂಳು, ಒಂದು ಕಡಲೆಬೇಳೆ, ಅವರ ಮಗಳ ಕಿವಿಯ ತಿರುಪು, ಅದರ ನಡುವೆ ವಜ್ರ. "ಕಲ್ಲು ಕಳೆದ್ರೆ ಕಳೀಲಿ" ಎಂದರು ಏದುಸಿರು ಬಿಡುತ್ತಾ. "ಆದ್ರೆ ಅದು ಸಿಗದೆ ನೀವು ಮೂರು ಜನ ಮನೆಗೆ ಹೋದ್ರೆ, ನಾಳೆ ನಿಮ್ಮನ್ನ ನೋಡಿದಾಗೆಲ್ಲ ನಂಗೆ ಅದೇ ನೆನಪಾಗುತ್ತೆ. ಅದು ಬೇಡಪ್ಪ." ಈ ಪ್ರಸಂಗವನ್ನು ಸಂಚಿಕೆಯಲ್ಲಿ ಬರೆದಿದ್ದೇನೆ. ಎಲ್ಲರಿಗೂ ಅದೇ ಬಹಳ ಇಷ್ಟವಾಯಿತಂತೆ.

ಬರೆಯದೆ ಬಿಟ್ಟ ಪ್ರಸಂಗ ಇನ್ನೊಂದಿದೆ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಕೊಳ್ಳುವ ಮೊದಲು ಒಂದೆರಡು ದಿನ ಮನೆಯಲ್ಲಿ, ದೇವರ ಮುಂದೆ ಇಟ್ಟುಕೊಂಡು ನೋಡುತ್ತಾರೆ. ಒಳ್ಳೆಯದಾದರೆ ಇಟ್ಟುಕೊಳ್ಳುವುದು, ಏನಾದರೂ ಅಡ್ಡಿ ಬಂದರೆ ವಾಪಸು. ದೊಡ್ಡ ದೊಡ್ಡ ಕಂಪನಿಯ ಇಂಜಿನಿಯರುಗಳು, ಡಾಕ್ಟರುಗಳು ಸಹ ಅಕ್ಕನಿಂದ ಕಾಗದದ ಪೊಟ್ಟಣ ಒಯ್ದು ದೇವರ ಗೂಡಿನಲ್ಲಿ ಇಡುತ್ತಿದ್ದರು. ಅಕ್ಕ ಬೆಳಿಗ್ಗೆ ಫೋನು ಮಾಡಿ, "ಏನಾದ್ರೂ ಕನಸು ಬಿತ್ತಾ?" ಎಂದು ಗಂಭೀರವಾಗಿ ವಿಚಾರಿಸುವರು. ಪ್ಲೆಸೆಂಟನ್ನಿನ ಒಬ್ಬ ಡಾಕ್ಟರರ ಮನೆಯಲ್ಲಿ ಪೊಟ್ಟಣ ಇಟ್ಟ ಮಾರನೆಯ ದಿನ ವಾಟರ್ ಹೀಟರು ಒಡೆದು ಗರಾಜೆಲ್ಲ ನೀರಾಯಿತು. ಆಸಾಮಿ ಆಸ್ಪತ್ರೆಗೂ ಹೋಗದೆ ಮೊದಲು ಕಲ್ಲು ತಂದು ಒಪ್ಪಿಸಿದ. ಅದೇ ಪೊಟ್ಟಣ ಮುಂದಿನ ವಾರ ಮಿಲ್ಪಿಟಾಸಿನ ಒಂದು ಮನೆಗೆ ಹೋಯಿತು. ಅವರಿಗೆ ಗ್ರೀನ್ ಕಾರ್ಡು ಬಂತು. ಆ ಮನೆಯಾಕೆ ಕಲ್ಲನ್ನು ಕಣ್ಣಿಗೊತ್ತಿಕೊಂಡಳು.

ಆಕೆ ಹೋದಮೇಲೆ ಅಕ್ಕ ನನ್ನ ಕಡೆ ತಿರುಗಿ, "ಹೀಟರ್ ಒಡೆದಿದ್ದು ತುಕ್ಕು ಹಿಡಿದು. ಕಾರ್ಡ್ ಬಂದಿದ್ದು ಲಾಯರು ಓಡಾಡಿ. ಕಲ್ಲು ಪಾಪ ತನ್ನ ಪಾಡಿಗೆ ತಾನು ಕೂತಿತ್ತು" ಎಂದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಬೇಕಾದಾಗ ನನಗೆ ನೆನಪಾಗಲಿಲ್ಲ. ಅವರಿಗೆ ನೆನಪಿರಲೇಬೇಕು.

ಬಂದ ಮರುವರ್ಷ ನಾನು ಬಸುರಿಯಾದೆ. ಆರನೆಯ ತಿಂಗಳಲ್ಲಿ ಮಗು ಹೋಯಿತು. ಹೆಣ್ಣುಮಗು. ಕಾರಣ ಏನೂ ಕಾಣುತ್ತಿಲ್ಲ, ಕೆಲವು ಸಲ ಹೀಗಾಗುತ್ತದೆ ಎಂದರು ಇಲ್ಲಿನ ಡಾಕ್ಟರು. ನಮ್ಮ ಮನೆಯವರು ಒಳ್ಳೆಯವರೇ, ಆದರೆ ಅಳುವ ಹೆಂಡತಿಯ ಮುಂದೆ ಏನು ಮಾಡಬೇಕೆಂದು ತಿಳಿಯದೆ ಆಫೀಸಿಗೆ ಹೋಗಿ ಕೂರುತ್ತಿದ್ದರು. ಆಗ ಬಂದವರು ಅಕ್ಕ. ಕಂಪನಿಗೆ ರಜೆ ಹಾಕಿ ಬಂದರು. ಮೆಂತ್ಯದ ಗಂಜಿ ಮಾಡಿ ಕುಡಿಸಿದರು. ತಲೆಗೆ ಎಣ್ಣೆ ಒತ್ತಿ ಬಿಸಿನೀರು ಹುಯ್ದರು. ಎದೆಯಲ್ಲಿ ಹಾಲು ಕಟ್ಟಿ ನಾನು ಒದ್ದಾಡುವಾಗ ಬಟ್ಟೆ ಬಿಗಿದು ಕಟ್ಟಿ ಪಕ್ಕದಲ್ಲೇ ಕೂತಿದ್ದರು. "ಅಳು, ಗಟ್ಟಿಯಾಗಿ ಅಳು. ಅಪಾರ್ಟ್‌ಮೆಂಟಿನವರು ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಲಿ" ಎಂದರು. ಅಷ್ಟು ಮಾಡಿದ ಹೆಂಗಸನ್ನು ಇವತ್ತಿಗೂ ಪೂರ್ತಿ ದ್ವೇಷಿಸಲು ನನ್ನಿಂದಾಗುವುದಿಲ್ಲ. ಅದೇ ನನಗೆ ಅವರ ಮೇಲಿನ ದೊಡ್ಡ ಸಿಟ್ಟು.

ಒಂದು ಮಧ್ಯಾಹ್ನ ತಲೆ ತೊಳೆಯುವ ಮುಂಚೆ ನನ್ನ ಓಲೆ ಬಿಚ್ಚಿದರು. ಬಿಚ್ಚಿದವರು ಕೆಳಗಿಡದೆ ಕಿಟಕಿಯ ಹತ್ತಿರ ಹೋದರು. ಪರ್ಸಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಯಾರೂ ನೋಡಿರ್ಲಿಲ್ವೇನೆ?" ಎಂದರು.

"ಏನಕ್ಕ?"

"ನಡುವಿನವು ಶುದ್ಧ. ಪರಿವಾರದಲ್ಲಿ ದೋಷ ಇದೆ. ಕಾಗೆಕಾಲು."

ವಜ್ರದೊಳಗೆ ಕಾಗೆಯ ಕಾಲಿನ ಹಾಗೆ ಕಪ್ಪು ಗೆರೆ ಇದ್ದರೆ ಅದು ಮನೆಯಲ್ಲಿ ಇರಬಾರದು ಎಂಬುದನ್ನು ನಾನು ಅಜ್ಜಿಯ ಬಾಯಲ್ಲೇ ಕೇಳಿದ್ದೆ. "ಗರ್ಭಕ್ಕೆ ಆಗಿಬರಲ್ಲ ಕಣೆ ಅದು" ಎಂದು ಅಕ್ಕ ಮೆಲ್ಲನೆ ಹೇಳಿದರು. ಭೂತಗನ್ನಡಿ ಕೊಟ್ಟರು. ನೋಡಿದೆ. ಕಣ್ಣೀರಿನಲ್ಲಿ ಏನು ಕಾಣುತ್ತದೆ? ಏನೋ ಗೆರೆ ಕಂಡ ಹಾಗಾಯಿತು. ಎಲ್ಲದರಲ್ಲೂ ಇದೆಯೇ ಎಂದೆ. ಮೂರರಲ್ಲಿ ಇದೆ, ಆದರೆ ಒಟ್ಟಿಗೆ ಕೂತ ಕಲ್ಲುಗಳು, ತೆಗೆದರೆ ಎಲ್ಲವನ್ನೂ ತೆಗೆಯಬೇಕು ಎಂದರು. ದೋಷದ ಕಲ್ಲನ್ನು ಇನ್ನೊಬ್ಬರಿಗೆ ಮಾರಿದರೆ ಪಾಪ, ದೇವರ ಹುಂಡಿಗೂ ಹಾಕಬಾರದು, ಸಮುದ್ರಕ್ಕೆ ಬಿಡಬೇಕು ಎಂದರು. ನನಗೆ ಅದುವರೆಗೆ ಯಾರೂ ಕಾರಣ ಹೇಳಿರಲಿಲ್ಲ. ಈಗ ಒಂದು ಕಾರಣ ಸಿಕ್ಕಿತು.

ಅವರ ಡಾಟ್ಸನ್ ಕಾರಿನಲ್ಲೇ ಹೋದೆವು. ಸೀಟಿನ ಮೇಲೆ ದಿಂಬು ಹಾಕಿ, ಸ್ಟಿಯರಿಂಗಿನ ಮೇಲಿಂದ ಕತ್ತು ಚಾಚಿಕೊಂಡು ಓಡಿಸುವರು. ಸ್ಯಾನ್ ಮಟೇಯೊ ಸೇತುವೆ ದಾಟಿ, ಗುಡ್ಡ ಹತ್ತಿ ಇಳಿದು, ಹಾಫ್ ಮೂನ್ ಬೇ ಸೇರುವ ಹೊತ್ತಿಗೆ ಮಂಜು ಕವಿದಿತ್ತು. ಎರಡೂ ಓಲೆಯ ಸುತ್ತಿನ ಹನ್ನೆರಡು ಕಲ್ಲನ್ನು ಅವರೇ ಬಿಚ್ಚಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ್ದರು, ಆ ಚಿಕ್ಕ ಗಂಟು ಅವರ ಕೈಯಲ್ಲಿತ್ತು. "ನೀನು ಮುಟ್ಟಬೇಡ" ಎಂದು ತಾವೇ ನೀರಿನವರೆಗೆ ಹೋಗಿ ಬೀಸಿ ಎಸೆದರು. ಟೆನಿಸ್ ಶೂಸೆಲ್ಲ ಒದ್ದೆಯಾಯಿತು. ಆಮೇಲೆ ನನ್ನ ಭುಜ ಹಿಡಿದು ಕಾರಿನ ಕಡೆ ತಿರುಗಿಸಿ, "ಹಿಂದಕ್ಕೆ ನೋಡಬಾರದು" ಎಂದರು. ನಾನು ನೋಡಲಿಲ್ಲ. ಓಲೆಯ ಖಾಲಿ ಜಾಗದಲ್ಲಿ ಇಲ್ಲಿನ ಹೊಸ ಸಣ್ಣ ಕಲ್ಲುಗಳನ್ನು ಕೂರಿಸಿಕೊಟ್ಟರು, ಕೂಲಿಯೆಂದು ಏನೂ ತೆಗೆದುಕೊಳ್ಳಲಿಲ್ಲ. ಅವು ಅಸಲಿಯೋ ನಕಲಿಯೋ ನಾನು ಇಂದಿನವರೆಗೂ ಪರೀಕ್ಷೆ ಮಾಡಿಸಿಲ್ಲ.

ಆ ವಾರವೇ ಅಮ್ಮನಿಗೆ ಫೋನು ಮಾಡಿದೆ. ಮನೆಯಲ್ಲಿ ಫೋನು ಇರಲಿಲ್ಲ, ಪಕ್ಕದ ಮನೆಯವರು ಕರೆದುಕೊಂಡು ಬಂದರು. ಓಲೆಯಲ್ಲಿ ಕಾಗೆಕಾಲು ಇತ್ತಂತೆ ಎಂದೆ. ಸಮುದ್ರಕ್ಕೆ ಹಾಕಿಬಂದೆವು ಎಂದೆ. "ಯಾಕಮ್ಮ ನೋಡದೆ ಕೊಟ್ಟೆ?" ಎಂದೂ ಅಂದೆ. ಅಮ್ಮ, "ನಂಗೆ ತಿಳೀಲಿಲ್ಲ ಮಗಳೇ" ಎಂದಳು. ಅವಳಿಗೆ ಆ ಓಲೆ ಹಾಕಿಕೊಂಡೇ ನಾಲ್ಕು ಮಕ್ಕಳಾಗಿದ್ದವು. ಅದನ್ನು ಅವಳೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಬಂದಳು. ವಿಮಾನ ನಿಲ್ದಾಣದಲ್ಲಿ ಗಾಜಿನ ಬಾಗಿಲು ತೆರೆದು ಅವಳು ಹೊರಬಂದಾಗ ನಾನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಮೂಗಿನಲ್ಲಿ ಬೊಟ್ಟು ಇರಲಿಲ್ಲ. ಅದೂ ಆ ಕಲ್ಲುಗಳ ಜೊತೆಯದಲ್ಲವೇ, ಮಗು ಎತ್ತಿಕೊಳ್ಳುವವಳು ಯಾಕೆ ಹಾಕಿಕೊಳ್ಳಲಿ ಎಂದಳು. ಮೊದಮೊದಲು ತೂತಿಗೆ ಬೇವಿನ ಕಡ್ಡಿ ಇಟ್ಟುಕೊಂಡಿದ್ದಳಂತೆ, ಆಮೇಲೆ ಅದನ್ನೂ ಬಿಟ್ಟಳು. ಚಿನ್ನದ್ದು ಒಂದು ಮಾಡಿಸೋಣ ಎಂದರೆ, "ಈ ವಯಸ್ಸಿಗೆ ಇನ್ನೇನು ಬಿಡು" ಎಂದಳು.

ಮಗುವಿನ ನಾಮಕರಣಕ್ಕೆ ಅಕ್ಕ ಬಂದರು. ಅಮ್ಮ ಒಳಗಿನಿಂದ ಒಂದು ರೇಷ್ಮೆ ಸೀರೆ ತಂದಳು. ನನ್ನ ತಂಗಿಯ ಮದುವೆಗೆಂದು ತೆಗೆದು ತಾನು ಉಡದೆ ಇಟ್ಟಿದ್ದದ್ದು. ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ರವಿಕೆಯ ಕಣ ಇಟ್ಟ ಸೀರೆಯನ್ನು ಮಡಿಲಿಗೆ ಹಾಕಿದಳು. "ನನ್ನ ಕಣ್ಣಿಗೆ ಬೀಳದೇ ಇದ್ದದ್ದು ನಿಮ್ಮ ಕಣ್ಣಿಗೆ ಬಿತ್ತು. ನನ್ನ ಮಗಳ ಮಡಿಲು ತುಂಬಿಸಿದ್ರಿ. ನಿಮ್ಮ ಋಣ ದೊಡ್ಡದು" ಎಂದು ಕೈ ಮುಗಿದಳು. ತನಗಿಂತ ಹದಿನೈದು ವರ್ಷ ಚಿಕ್ಕವರಿಗೆ. ಅಕ್ಕ ಅಮ್ಮನ ಬೋಳು ಮೂಗನ್ನು ನೋಡಿದರು. ನಾನು ಎದುರಿಗೇ ಇದ್ದೆ, ಚೆನ್ನಾಗಿ ನೋಡಿದರು. "ಎಲ್ಲಾ ದೇವರು ಮಾಡಿದ್ದು, ನಂದೇನಿದೆ" ಎಂದು ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಹನ್ನೆರಡು ಕಲ್ಲನ್ನು ನಾನು ಯಾವತ್ತೋ ಮರೆತುಬಿಡುತ್ತಿದ್ದೆ. ಆ ಸೀರೆಯನ್ನು ಮರೆಯಲು ಆಗಿಲ್ಲ.

ಅಮ್ಮ ಊರಿಗೆ ಹೋಗಿ ಮೂರು ವರ್ಷಕ್ಕೆ ತೀರಿಕೊಂಡಳು. ನಾನು ಹೋದಾಗ ತಂಗಿ ಕುಂಕುಮದ ಭರಣಿಯಲ್ಲಿ ಆ ಮೂಗುಬೊಟ್ಟು ಇಟ್ಟುಕೊಟ್ಟಳು. "ಅಲಂಕಾರ ಮಾಡುವಾಗ ಕೊನೇ ಸಲ ಹಾಕೋಣ ಅಂತ ನೋಡಿದ್ವಿ ಅಕ್ಕ. ತೂತು ಮುಚ್ಚಿಹೋಗಿತ್ತು" ಎಂದಳು. ನಾನು ಅದನ್ನು ತಂದು ಬೀರುವಿನಲ್ಲಿ ಇಟ್ಟೆ. ಹಾಕಿಕೊಳ್ಳಲು ನನಗೂ ಭಯ.

ಅದಾದ ಒಂದೂವರೆ ವರ್ಷಕ್ಕೆ ಅಕ್ಕನ ಮಗಳ ಮದುವೆ. ಸ್ಯಾನ್ ಹೋಸೆಯಲ್ಲಿ ಒಂದು ಹಾಲ್ ಗೊತ್ತುಮಾಡಿದ್ದರು. ಅಕ್ಕ ಹುಟ್ಟಿದ ಮನೆಯಲ್ಲಾಗಲಿ ಕೊಟ್ಟ ಮನೆಯಲ್ಲಾಗಲಿ ವಜ್ರ ಕಂಡವರಲ್ಲ. ಇಡೀ ಬೇ ಏರಿಯಾದ ಕಿವಿ, ಕತ್ತುಗಳಿಗೆ ವಜ್ರ ಕೂರಿಸಿದ ಹೆಂಗಸು ತಾವು ಮಾತ್ರ ಕರಿಮಣಿ ಸರದಲ್ಲಿ ಓಡಾಡುತ್ತಿದ್ದರು. ಕೇಳಿದರೆ "ನಂಗೆ ಆಗಿಬರಲ್ಲ" ಎಂದು ನಗುವರು. ಮಗಳಿಗೆ ಏನು ಮಾಡಿರಬಹುದು ಎಂದು ನಮಗೆಲ್ಲ ಕುತೂಹಲವಿತ್ತು. ನಾನು ಮದುಮಗಳ ಕೋಣೆಗೆ ಹೂವು ಮುಡಿಸಲು ಹೋದೆ. ಒಳ್ಳೆಯ ಹುಡುಗಿ, ನನ್ನ ಮಗಳನ್ನು ಎಷ್ಟೋ ಸಲ ನೋಡಿಕೊಂಡವಳು. ಕತ್ತಿನ ಪದಕವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು.

"ಆಂಟಿ, ಲುಕ್, ಇದು ಅಮ್ಮ ಅವರೇ ಮಾಡಿದ್ದು. ನಡುವಿನದು ನ್ಯೂ. ಈ ಲಿಟಲ್ ಒನ್ಸೆಲ್ಲಾ ನನ್ನ ಗ್ರೇಟ್ ಗ್ರ್ಯಾಂಡ್‌ಮದರ್ದಂತೆ. ಸೋ ಓಲ್ಡ್."

ನಡುವಿನ ಕೆಂಪು ಕಲ್ಲಿನ ಸುತ್ತ ಹನ್ನೆರಡು ವಜ್ರ. ಹಳೆಯ ಕೈಕೆಲಸದ ಕಲ್ಲುಗಳು. ಹನ್ನೊಂದು ಬಿಳಿ. ಸರ ಹಾಯುವ ಕೊಂಡಿಯ ಅಡಿಗೆ, ಕತ್ತಿನ ಮೇಲೆ ಇಳಿಬಿದ್ದರೆ ಕಾಣದ ಜಾಗದಲ್ಲಿ, ಹನ್ನೆರಡನೆಯದು. ಅವಳು ಎತ್ತಿ ತೋರಿಸಿದ್ದರಿಂದ ಕಂಡಿತು. ಹಳದಿ. ನನಗೆ ಭೂತಗನ್ನಡಿ ಬೇಕಾಗಲಿಲ್ಲ. ಅಮ್ಮನ ತೊಡೆಯ ಮೇಲೆ ಮಲಗಿದವಳಿಗೆ ಆ ಕಲ್ಲು ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ಹೂವು ಮುಡಿಸಿದೆ. ಚೆನ್ನಾಗಿದೆಯಮ್ಮ ಎಂದೆ. ಹೊರಗೆ ಬಂದು ಪಾರ್ಕಿಂಗ್ ಲಾಟಿನಲ್ಲಿ ನಿಂತುಕೊಂಡೆ. ಊಟಕ್ಕೆ ಕೂರಲಿಲ್ಲ.

ಮದುವೆಯ ಗಲಾಟೆ ಮುಗಿಯಲಿ ಎಂದು ಕಾದು, ಒಂದು ಶನಿವಾರ ಬೆಳಿಗ್ಗೆ ಅಮ್ಮನ ಮೂಗುಬೊಟ್ಟು ತೆಗೆದುಕೊಂಡು ಅವರ ಮನೆಗೆ ಹೋದೆ. ಟೇಬಲ್ಲಿನ ಮೇಲೆ ಬಿಳಿ ಕಾಗದ, ಜರಡಿ, ಮೇಣದ ಕಡ್ಡಿ ಎಲ್ಲ ಇದ್ದಲ್ಲೇ ಇದ್ದವು. "ಇದನ್ನ ಸ್ವಲ್ಪ ನೋಡಿ ಅಕ್ಕ" ಎಂದು ಮುಂದೆ ಇಟ್ಟೆ. ಎಂದಿನಂತೆ ಕಿಟಕಿಗೆ ತಿರುಗಿ ನೋಡಿದರು.

"ಶುದ್ಧವಾಗಿದೆ. ಧಾರಾಳವಾಗಿ ಹಾಕ್ಕೊ. ಎಲ್ಲಿತ್ತೇ ಇದು?"

"ನಮ್ಮಮ್ಮಂದು. ಓಲೆಯ ಕಲ್ಲುಗಳ ಜೊತೇದು. ಇದರಲ್ಲಿ ಕಾಗೆಕಾಲು ಇಲ್ವಾ?"

ಭೂತಗನ್ನಡಿ ಕಣ್ಣಿನಿಂದ ಇಳಿಯಲಿಲ್ಲ. ನೋಡುವುದು ಮುಗಿದಿತ್ತು, ಆದರೂ ಹಿಡಿದೇ ಇದ್ದರು.

"ಅವತ್ತು ಬೆಲ್ಲದ ಬಣ್ಣದ ಕಲ್ಲು ನೋಡಿದೆ ಅಕ್ಕ, ಪದಕದಲ್ಲಿ."

"ಎಸೆಯೋಕೆ ಕೈ ಬರ್ಲಿಲ್ಲ ಕಣೆ" ಎಂದರು ಕಿಟಕಿಯ ಕಡೆಗೇ. "ಅಂಥ ಕೆಲಸ ಈಗ ಯಾರು ಮಾಡ್ತಾರೆ?"

"ಎಸೆದಿದ್ದು ಏನು?"

"ಅಕ್ಕಿ ನುಚ್ಚು."

"ಕಾಗೆಕಾಲು ಇತ್ತಾ, ಇರ್ಲಿಲ್ವಾ? ಅಷ್ಟು ಹೇಳಿ ಸಾಕು."

ಅವರು ನನ್ನ ಕಡೆ ತಿರುಗಿದರು. ತಪ್ಪು ಸಿಕ್ಕಿಬಿದ್ದವರ ಮುಖ ಇರಲಿಲ್ಲ. ಪಾಠ ಅರ್ಥವಾಗದ ಹುಡುಗಿಗೆ ಮತ್ತೊಮ್ಮೆ ಹೇಳುವ ಮೇಷ್ಟರ ಹಾಗೆ ಹೇಳಿದರು: "ನೀನು ಆಗ ಗೋಡೆ ನೋಡ್ಕೊಂಡು ಮಲಗಿದ್ದೆ. ನಿಂಗೆ ಒಂದು ಕಾರಣ ಬೇಕಾಗಿತ್ತು. ಡಾಕ್ಟರು ಕೊಡ್ಲಿಲ್ಲ, ನಾನು ಕೊಟ್ಟೆ. ಆಮೇಲೆ ನೀನು ಎದ್ದು ಓಡಾಡ್ಲಿಲ್ವಾ? ಮಗು ಆಗ್ಲಿಲ್ವಾ?"

"ನಮ್ಮಮ್ಮ, ಮೊಮ್ಮಗೂನ ತಾನೇ ಕೊಂದೆ ಅಂದ್ಕೊಂಡು ಹೋದ್ಲು."

"ಅವರಿಗೆ ನೀನು ಹೇಳ್ತೀಯ ಅಂತ ನಂಗೇನು ಗೊತ್ತಿತ್ತು?"

"ಗೊತ್ತಾದ ಮೇಲೂ ಸೀರೆ ತಗೊಂಡ್ರಿ."

ಅಕ್ಕ ಮೇಣದ ಕಡ್ಡಿ ತೆಗೆದುಕೊಂಡು ಒಂದು ಸಣ್ಣ ಕಲ್ಲನ್ನು ಎತ್ತಿದರು, ಮತ್ತೆ ಅಲ್ಲೇ ಇಟ್ಟರು. ಆಮೇಲೆ, "ಪದಕ ವಾಪಸ್ ಬೇಕಾ? ಅವಳ ಕತ್ತಿಂದ ಬಿಚ್ಚಿಸಿ ಕೊಡ್ತೀನಿ. ಅವಳಿಗೆ ಏನಂತ ಹೇಳ್ಲಿ, ಅದನ್ನ ನೀನೇ ಹೇಳು" ಎಂದರು. ನನ್ನನ್ನು ಅವರು ಚೆನ್ನಾಗಿ ಬಲ್ಲವರು. ಆ ಹುಡುಗಿಯ ಕತ್ತಿನಿಂದ ನಾನು ಅದನ್ನು ಬಿಚ್ಚಿಸಲಾರೆ ಎಂಬುದೂ ಗೊತ್ತಿತ್ತು. ನಾನು ಮೂಗುಬೊಟ್ಟು ಎತ್ತಿಕೊಂಡು ಬಂದೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನನ್ನ ಮೂಗಿನ ಚಿನ್ನದ ಬೊಟ್ಟು ತೆಗೆದು ಅದನ್ನು ಹಾಕಿಕೊಂಡೆ. ಆಮೇಲೆ ತೆಗೆದಿಲ್ಲ.

ಜಗಳ ಆಡಲಿಲ್ಲ. ಯಾರಿಗೂ ಹೇಳಲಿಲ್ಲ. ಯುಗಾದಿ, ರಾಜ್ಯೋತ್ಸವದಲ್ಲಿ ಸಿಕ್ಕಾಗ "ಚೆನ್ನಾಗಿದೀರಾ?" ಎನ್ನುವಷ್ಟು ಉಳಿಸಿಕೊಂಡೆವು. ಅವರ ಕಣ್ಣು ಒಂದು ಸಲ ನನ್ನ ಮೂಗಿಗೆ ಬಂದು ಬೇರೆ ಕಡೆ ಹೋಗುತ್ತಿತ್ತು. ಅವರ ಬದುಕಿನ ಬಗ್ಗೆ ನಾನು ಎಷ್ಟೋ ಯೋಚಿಸಿದ್ದೇನೆ. ಹಿರಿಯರದು ಎನ್ನುವಂಥದ್ದು ಏನೂ ಇಲ್ಲದ ಮನೆಯಿಂದ ಬಂದು, ಊರವರ ಹಿರಿಯರದ್ದನ್ನೆಲ್ಲ ಕೈಯಲ್ಲಿ ಹಿಡಿದು ಉಜ್ಜಿ ಹೊಳೆಯಿಸಿ ಕೊಟ್ಟು ಕೊಟ್ಟು, ಒಂದು ಸಲ ಮಗಳಿಗೂ ಇರಲಿ ಎನ್ನಿಸಿರಬೇಕು. ಅದು ನನಗೆ ಅರ್ಥವಾಗುತ್ತದೆ. ಕೇಳಿದ್ದರೆ ಒಂದೆರಡು ಕಲ್ಲು ನಾನೇ ಬಿಚ್ಚಿ ಕೊಡುತ್ತಿದ್ದೆನೇನೋ. ನನ್ನ ಸತ್ತ ಮಗುವನ್ನು ಅದರ ಮಧ್ಯೆ ತರಬಾರದಿತ್ತು.

ಕಳೆದ ತಿಂಗಳು ಫ್ರೀಮಾಂಟಿನ ಒಂದು ಸ್ಕೂಲಿನ ಹಾಲ್‌ನಲ್ಲಿ ಅವರ ನೆನಪಿನ ಸಭೆ ನಡೆಯಿತು. ಸಂಚಿಕೆ ಹಂಚಿದರು. ವ್ಯಾಕ್ಯೂಮ್ ಕ್ಲೀನರಿನ ಪ್ರಸಂಗವನ್ನು ಯಾರೋ ಮೈಕಿನಲ್ಲಿ ಓದಿದರು, ಎಲ್ಲರೂ ನಕ್ಕರು, ಕೆಲವರು ಅತ್ತರು. ಕಾಫಿಯ ಹೊತ್ತಿಗೆ ಅವರ ಮಗಳು ನನ್ನ ಹತ್ತಿರ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಈಗ ಅವಳ ಕೂದಲೂ ಬೆಳ್ಳಗಾಗಿದೆ. ಕತ್ತಿನಲ್ಲಿ ಅದೇ ಪದಕ.

"ಆಂಟಿ, ನಿಮ್ಮನ್ನ ಒಂದು ಕೇಳ್ಬೇಕಿತ್ತು" ಎಂದು ಪದಕವನ್ನು ಎತ್ತಿ ಕೊಂಡಿಯ ಅಡಿಯ ಕಲ್ಲು ತೋರಿಸಿದಳು. "ಅಮ್ಮ ಕಲರ್ ವಿಷಯದಲ್ಲಿ ಎಷ್ಟು ಸ್ಟ್ರಿಕ್ಟು, ನಿಮಗೇ ಗೊತ್ತಲ್ಲ. ಈ ಒಂದು ಯಾಕೆ ಯೆಲ್ಲೋ ಅಂತ ಎಷ್ಟು ಸಲ ಕೇಳಿದೀನಿ. ಹೇಳ್ತಾನೇ ಇರ್ಲಿಲ್ಲ. ಲಾಸ್ಟ್ ಡೇಸಲ್ಲಿ, ಹಾಸ್ಪಿಟಲ್‌ನಲ್ಲಿ, 'ಆಂಟೀನ ಕೇಳು, ಅವಳು ಹೇಳ್ತಾಳೆ' ಅಂದ್ರು."

ನನಗೆ ಮೈ ಉರಿದುಹೋಯಿತು. ಕೊನೆಗೆ ಈ ಕೆಲಸವನ್ನೂ ನನ್ನ ತಲೆಗೇ ಕಟ್ಟಿ ಹೋಗಿದ್ದರು. ಹೇಳಿದರೆ ತಾಯಿ ಸತ್ತ ಹದಿನೈದು ದಿನಕ್ಕೆ ಮಗಳ ಎದೆ ಒಡೆದವಳು ನಾನು. ಹೇಳದಿದ್ದರೆ ನನ್ನ ಅಮ್ಮ ಇನ್ನೊಂದು ಸಲ ತಪ್ಪಿತಸ್ಥಳಾಗಿಯೇ ಉಳಿಯುತ್ತಾಳೆ. ಹುಡುಗಿ ಪದಕ ಹಿಡಿದುಕೊಂಡು ನನ್ನ ಮುಖ ನೋಡುತ್ತಾ ಕೂತಿದ್ದಳು.

"ಅದು ಬೆಲ್ಲ ತಿಂದ ಕಲ್ಲು" ಎಂದೆ.

ಅವಳು ನಕ್ಕಳು. "ಸೋ ಕ್ಯೂಟ್. ಹಾಗಂತ ಯಾರು ಹೇಳಿದ್ದು?"

"ನಮ್ಮಮ್ಮ."

"ನಿಮ್ಮಮ್ಮ? ಅವರು ಇದನ್ನ ಯಾವಾಗ ನೋಡಿದ್ರು?"

"ದಿನಾ ಹಾಕ್ಕೊಳ್ತಿದ್ಲು. ಅವಳ ಓಲೇದು ಅದು" ಎಂದೆ.

ಅವಳ ನಗು ಮುಖದ ಮೇಲೇ ನಿಂತಿತು. ಇಲ್ಲೇ ಬೆಳೆದವಳು, ಮಾತಾಡುವಾಗ ಅರ್ಧ ಇಂಗ್ಲಿಷು. ಆದರೆ ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ.